ಬಿಲ್ಲಿನಿಂದ ಜಿಂಕೆ ಬೇಟೆ: ನಿಮ್ಮ ಬಾಣದ ಮಿತಿ ಎಷ್ಟು ಗಜ ಅಂತ ಕಂಡುಕೊಳ್ಳುವುದು ಹೇಗೆ?

ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವರನ್ನು "ಎಷ್ಟು ದೂರದಿಂದ ಹೊಡೀತೀರಿ?" ಅಂತ ಕೇಳಿದರೆ ಹೆಚ್ಚಿನವರು ತಕ್ಷಣ ಒಂದು ಸಂಖ್ಯೆ ಹೇಳುತ್ತಾರೆ. 40 ಗಜ. 50 ಗಜ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಿದರೆ ಮಾತ್ರ ಉತ್ತರ ಸ್ವಲ್ಪ ತಡವಾಗುತ್ತದೆ. ಸಾಮಾನ್ಯವಾಗಿ ಅದು ಗಾಳಿಯಿಲ್ಲದ ಒಂದು ಸಂಜೆ, ಹಗುರ ಬಟ್ಟೆ ಹಾಕಿಕೊಂಡು, ಮೈ ಚೆನ್ನಾಗಿ ಪಳಗಿದ ಮೇಲೆ, ಅಲುಗಾಡದ ಫೋಮ್ ಗುರಿಗೆ ಹೊಡೆದ ಬಾಣಗಳ ದೂರ. ಬೇಟೆಯ ದಿನ ಇವುಗಳಲ್ಲಿ ಒಂದೂ ನಿಮ್ಮ ಜೊತೆ ಇರುವುದಿಲ್ಲ.

ನನ್ನ ಮಟ್ಟಿಗೆ ಮಿತಿ ಅಂದರೆ, ಸಾಧಾರಣ ದಿನದಲ್ಲಿ ಮೈ ಬಿಸಿಯಾಗುವ ಮೊದಲೇ ಬಿಟ್ಟ ಮೊದಲ ಬಾಣವನ್ನು ಎಷ್ಟು ದೂರದವರೆಗೆ ನಂಬಬಹುದೋ ಅಷ್ಟು. ಇದನ್ನು ಅಳೆಯಬಹುದು, ಬರೆದಿಡಬಹುದು. ಆಮೇಲೆ ಆಯಾ ದಿನದ ಬೆಳಕು, ಚಳಿ, ಜಿಂಕೆಯ ಮನಸ್ಥಿತಿ ನೋಡಿ ಕಡಿಮೆ ಮಾಡಿಕೊಳ್ಳಬೇಕು. ಜಾಸ್ತಿ ಮಾಡಿಕೊಳ್ಳುವ ಮಾತೇ ಇಲ್ಲ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲೇ ಒಂದು ಮಾತು. ಇಲ್ಲಿ ಹೇಳುವುದೆಲ್ಲ ಅಮೆರಿಕದ ವೈಟ್‌ಟೇಲ್ ಜಿಂಕೆಯ ಬೇಟೆಗೆ ಸಂಬಂಧಿಸಿದ್ದು. ಅಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಬಿಲ್ಲು ಬೇಟೆಯ ಋತು, ಪರವಾನಗಿ, ನಿಯಮ ಇವೆ. ಬಿಲ್ಲಿನ ಎಳೆತ (ಹೆದೆ ಎಳೆಯಲು ಬೇಕಾದ ಬಲ) ಕನಿಷ್ಠ ಇಷ್ಟು ಪೌಂಡ್ ಇರಬೇಕು ಅನ್ನುವ ನಿಯಮವೂ ಹಲವು ಕಡೆ ಇದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ.

ಬಾಣ ಹೇಗೆ ಕೆಲಸ ಮಾಡುತ್ತದೆ

ಇದು ಗೊತ್ತಿಲ್ಲದೆ ಮಿತಿಯ ಲೆಕ್ಕ ಅರ್ಥವಾಗುವುದಿಲ್ಲ. ಬಂದೂಕಿನ ಗುಂಡಿಗೆ ಇರುವ ಹೊಡೆತದ ಆಘಾತ ಬಾಣಕ್ಕಿಲ್ಲ. ಬಾಣ ಕೊಲ್ಲುವುದು ಕತ್ತರಿಸಿ. ಹರಿತವಾದ ಬ್ರಾಡ್‌ಹೆಡ್ (ಅಲಗುಗಳಿರುವ ಬೇಟೆಯ ಬಾಣದ ಮೊನೆ) ಎರಡೂ ಶ್ವಾಸಕೋಶಗಳನ್ನು ಅಥವಾ ಹೃದಯವನ್ನು ಸೀಳಿಕೊಂಡು ಹೋದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ, ಸ್ವಲ್ಪ ದೂರ ಓಡಿ, ಬೀಳುತ್ತದೆ. ಅದೇ ಬಾಣ ಒಂದು ಗೇಣು ಹಿಂದೆ ಬಿದ್ದರೆ ಹೊಟ್ಟೆ ಸೀಳುತ್ತದೆ. ಆಗ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ, ಎಷ್ಟೋ ಸಲ ಸಿಗುವುದೇ ಇಲ್ಲ.

ದೊಡ್ಡ ವೈಟ್‌ಟೇಲ್ ಪಕ್ಕಕ್ಕೆ ತಿರುಗಿ ನಿಂತಾಗ, ಮುಂಗಾಲಿನ ಹಿಂದೆ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚು ಅಗಲದ ವೃತ್ತ. ನಿಮ್ಮ ಬಾಣ ಪ್ರತಿ ಸಲವೂ ಬೀಳಬೇಕಾದ್ದು ಅದರೊಳಗೆ. ಅಭ್ಯಾಸಕ್ಕೆ ಮಾತ್ರ 8 ಇಂಚು ಇಟ್ಟುಕೊಳ್ಳಬೇಡಿ. 6 ಇಂಚಿನ ವೃತ್ತ ಇಟ್ಟುಕೊಳ್ಳಿ. ಉಳಿದ 2 ಇಂಚು ಕಾಡಿಗೆ ಬಿಡಿ. ಕಾಡು ಅದನ್ನು ಖಂಡಿತ ಬಳಸಿಕೊಳ್ಳುತ್ತದೆ.

ಹಂತ 1: ಬಿಲ್ಲು, ಬಾಣ ಸರಿಯಿದೆಯೇ ನೋಡಿ

ಸರಿಯಾಗಿ ಹೊಂದಿಸದ ಬಿಲ್ಲಿನಲ್ಲಿ ಮಿತಿ ಅಳೆಯಲು ಹೋದರೆ ಸಿಗುವುದು ಬಿಲ್ಲಿನ ದೋಷದ ಅಳತೆ.

ಮೊದಲು ಎಳೆತದ ಭಾರ. ನೆಲದ ಮೇಲೆ ಕುಳಿತು, ಎರಡೂ ಕಾಲು ಮುಂದೆ ಚಾಚಿ, ಬಿಲ್ಲನ್ನು ಗುರಿಯತ್ತ ನೇರ ಹಿಡಿಯಿರಿ. ಈಗ ಬಿಲ್ಲನ್ನು ಆಕಾಶಕ್ಕೆ ಎತ್ತದೆ, ಒದ್ದಾಡದೆ, ನಿಧಾನವಾಗಿ ಹೆದೆ ಎಳೆಯಿರಿ. ಆಗುತ್ತಿಲ್ಲವೇ? ಭಾರ ಕಡಿಮೆ ಮಾಡಿ. 60 ಪೌಂಡನ್ನು ಸುಲಭವಾಗಿ ಎಳೆಯುವವರು 70 ಪೌಂಡ್ ಜೊತೆ ಗುದ್ದಾಡುವವರಿಗಿಂತ ಯಾವಾಗಲೂ ಒಳ್ಳೇ ಬೇಟೆಗಾರರು. ಚಳಿಯಲ್ಲಿ ಎರಡು ಗಂಟೆ ಅಲುಗದೆ ಕೂತ ಮೈಗೆ ಅದೇ ಬಿಲ್ಲು ಇನ್ನೂ ಭಾರ ಅನ್ನಿಸುತ್ತದೆ.

ಎರಡನೆಯದು ಬ್ರಾಡ್‌ಹೆಡ್. ವರ್ಷಪೂರ್ತಿ ಫೀಲ್ಡ್ ಪಾಯಿಂಟ್ (ಅಲಗಿಲ್ಲದ ಅಭ್ಯಾಸದ ಮೊನೆ) ಹಾಕಿ ಅಭ್ಯಾಸ ಮಾಡಿ, ಬೇಟೆಯ ಹಿಂದಿನ ದಿನ ಬ್ರಾಡ್‌ಹೆಡ್ ತಿರುಗಿಸಿಕೊಂಡು ಹೋಗುವವರು ಬಹಳ ಮಂದಿ ಇದ್ದಾರೆ. ಎರಡೂ ಒಂದೇ ತೂಕ ಇದ್ದರೂ ಒಂದೇ ಕಡೆ ಬೀಳಬೇಕೆಂದಿಲ್ಲ. ಬ್ರಾಡ್‌ಹೆಡ್‌ನ ಅಲಗು ಗಾಳಿಯನ್ನು ಹಿಡಿಯುತ್ತದೆ. ಬಿಲ್ಲಿನ ಹೊಂದಾಣಿಕೆಯಲ್ಲಿರುವ ಸಣ್ಣ ತಪ್ಪನ್ನೂ, ಕೈಯ ಸಣ್ಣ ತಿರುಚನ್ನೂ ಅದು ದೊಡ್ಡದು ಮಾಡಿ ತೋರಿಸುತ್ತದೆ. 20 ಗಜದಲ್ಲಿ ಗೊತ್ತೇ ಆಗದ ವ್ಯತ್ಯಾಸ 40 ಗಜದಲ್ಲಿ ಹಲವು ಇಂಚು ಆಗಬಹುದು. ಮುಂದಿನ ಎಲ್ಲ ಪರೀಕ್ಷೆಯನ್ನೂ ಬೇಟೆಗೆ ಒಯ್ಯುವ ಅದೇ ಬಾಣ, ಅದೇ ಬ್ರಾಡ್‌ಹೆಡ್‌ನಲ್ಲೇ ಮಾಡಿ. ಅಭ್ಯಾಸದಲ್ಲಿ ಮೊಂಡಾದ ಅಲಗನ್ನು ಬದಲಿಸಿ, ಅಥವಾ ಮಸೆದುಕೊಂಡೇ ಕಾಡಿಗೆ ಹೋಗಿ.

ಹಂತ 2: ತಣ್ಣನೆಯ ಬಾಣದ ಪರೀಕ್ಷೆ

ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಬೇಟೆಯಲ್ಲಿ ನಿಮಗೆ ಸಿಗುವುದು ಒಂದೇ ಬಾಣ. ಹತ್ತು ಬಾಣ ಬಿಟ್ಟು ಕೈ ಪಳಗಿಸಿಕೊಂಡು ಆಮೇಲೆ ಹನ್ನೊಂದನೆಯದನ್ನು ಜಿಂಕೆಗೆ ಬಿಡುವ ಅವಕಾಶ ಯಾರಿಗೂ ಇಲ್ಲ. ಹಾಗಾಗಿ ಅಭ್ಯಾಸದಲ್ಲಿ ಲೆಕ್ಕಕ್ಕೆ ಬರುವುದೂ ಮೊದಲ ಬಾಣ ಮಾತ್ರ. ಮೈ ಬಿಸಿಯಾಗುವ ಮೊದಲೇ ಬಿಟ್ಟ ಆ ಬಾಣವೇ ತಣ್ಣನೆಯ ಬಾಣ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. 20 ಗಜದಲ್ಲಿ 6 ಇಂಚಿನ ವೃತ್ತ ಅಂಟಿಸಿ. ದಿನಕ್ಕೆ ಒಂದೇ ತಣ್ಣನೆಯ ಬಾಣ. ಕೆಲಸದಿಂದ ಬಂದ ಕೂಡಲೇ, ಬೆಳಿಗ್ಗೆ ಎದ್ದ ಕೂಡಲೇ, ಸುಸ್ತಾದಾಗ, ಮನಸ್ಸು ಸರಿಯಿಲ್ಲದಾಗ, ಯಾವಾಗಾದರೂ ಸರಿ. ಬಿಲ್ಲು ತೆಗೆದುಕೊಳ್ಳಿ, ಒಂದು ಬಾಣ ಬಿಡಿ. ಒಳಗೋ ಹೊರಗೋ ಬರೆಯಿರಿ. ಹೊರಗೆ ಹೋಗಿದ್ದರೆ ಯಾವ ಕಡೆ, ಎಷ್ಟು ಇಂಚು ಅಂತಲೂ ಬರೆಯಿರಿ. ಆಮೇಲೆ ಬೇಕಿದ್ದರೆ ಗಂಟೆಗಟ್ಟಲೆ ಅಭ್ಯಾಸ ಮಾಡಿ, ಆದರೆ ಆ ಬಾಣಗಳು ಈ ಪುಟಕ್ಕೆ ಬರುವುದಿಲ್ಲ.

ಹತ್ತು ದಿನದ ಹತ್ತು ಬಾಣವೂ ಒಳಗೆ ಬಿದ್ದರೆ 25 ಗಜಕ್ಕೆ ಹೋಗಿ. ಅಲ್ಲೂ ಹತ್ತಕ್ಕೆ ಹತ್ತು ಬಂದರೆ 30. ಒಂದು ಬಾಣ ಹೊರಗೆ ಹೋದರೂ ಗುರಿಗೆ 5 ಗಜ ಹತ್ತಿರ ಬಂದು ಮತ್ತೆ ಒಂದರಿಂದ ಎಣಿಸಿ. "ಅದು ಕೈ ಜಾರಿದ್ದು, ಲೆಕ್ಕಕ್ಕಿಲ್ಲ" ಅನ್ನುವ ಮಾತು ಇಲ್ಲಿ ಬೇಡ. ಕೈ ಜಾರುವುದು ಕೂಡ ನಿಮ್ಮದೇ ಕೈ. ಜಿಂಕೆಯ ಮುಂದೆಯೂ ಅದು ಜಾರುತ್ತದೆ, ಅಲ್ವಾ?

ಹತ್ತಕ್ಕೆ ಹತ್ತು ಅನ್ನುವುದು ತುಂಬಾ ಕಠಿಣ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಹತ್ತಕ್ಕೆ ಎಂಟು ಸಾಕು ಅಂದರೆ, ಯಾವ ತೊಡಕೂ ಇಲ್ಲದ ಬಯಲಿನಲ್ಲೇ ಐದು ಬಾಣಕ್ಕೆ ಒಂದು ತಪ್ಪುತ್ತಿದೆ ಅಂತ ಒಪ್ಪಿಕೊಂಡು ಕಾಡಿಗೆ ಹೋಗುವುದು. ಆ ಒಂದು ಬಾಣ ಯಾವ ಜಿಂಕೆಯ ಹೊಟ್ಟೆಗೆ ಹೋಗಲಿ ಅಂತ ನೀವು ತೀರ್ಮಾನಿಸುತ್ತೀರಿ?

ಇನ್ನೊಂದು ವಿಷಯ. ಗುಂಪು, ಅಂದರೆ ಗುರಿಯ ಮೇಲೆ ಬಾಣಗಳು ಬಿದ್ದ ಹರವು, ನೋಡುವಾಗ ಮಧ್ಯದಲ್ಲಿರುವ ಚೆಂದದ ಮೂರು ಬಾಣಗಳನ್ನು ನೋಡಬೇಡಿ. ಎಲ್ಲಕ್ಕಿಂತ ದೂರ ಬಿದ್ದ ಬಾಣವನ್ನು ನೋಡಿ. ನಿಮ್ಮ ಮಿತಿ ಹೇಳುವುದು ಅದೇ. ದೂರ ಎರಡು ಪಟ್ಟಾದರೆ ಗುಂಪಿನ ಅಗಲವೂ ಕನಿಷ್ಠ ಎರಡು ಪಟ್ಟಾಗುತ್ತದೆ. 20 ಗಜದಲ್ಲಿ 3 ಇಂಚು ಇದ್ದದ್ದು 40 ಗಜದಲ್ಲಿ 6 ಇಂಚು, ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. 20 ಗಜದಲ್ಲೇ 5 ಇಂಚು ಹರಡುವವರು 40 ಗಜದ ಆಸೆ ಈ ವರ್ಷಕ್ಕೆ ಬಿಡಬೇಕು.

ಕೊನೆಗೆ ನಿಂತ ಸಂಖ್ಯೆ ನಿಮ್ಮ ಬಯಲಿನ ಮಿತಿ. ಅದನ್ನು ಬರೆದಿಡಿ. ಇನ್ನು ಮುಂದೆ ಬರುವುದೆಲ್ಲ ಕಳೆಯುವ ಲೆಕ್ಕ.

ಹಂತ 3: ಬೇಟೆಯ ಬಟ್ಟೆ, ಬೇಟೆಯ ಭಂಗಿ

ಈಗ ಅದೇ ವೃತ್ತಕ್ಕೆ ಬೇಟೆಯ ವೇಷದಲ್ಲಿ ಹೊಡೆಯಿರಿ. ದಪ್ಪ ಜಾಕೆಟ್, ಕೈಗವಸು, ಟೋಪಿ, ಮುಖದ ಬಟ್ಟೆ, ಸುರಕ್ಷತಾ ಬೆಲ್ಟ್, ಎಲ್ಲವೂ. ಜಾಕೆಟ್‌ನ ತೋಳಿಗೆ ಹೆದೆ ತಾಗಿದರೆ ಬಾಣ ಎಲ್ಲೆಲ್ಲೋ ಹೋಗುತ್ತದೆ. ಮುಖದ ಬಟ್ಟೆ ದಪ್ಪ ಇದ್ದರೆ ಹೆದೆ ಕೆನ್ನೆಗೆ ಒರಗುವ ಜಾಗ ಬದಲಾಗುತ್ತದೆ, ಪೀಪ್ (ಹೆದೆಯಲ್ಲಿ ಕೂರಿಸಿದ, ಗುರಿ ನೋಡುವ ಸಣ್ಣ ತೂತು) ಕಣ್ಣಿನ ಮುಂದೆ ಬರುವುದಿಲ್ಲ. ಕೈಗವಸಿನಲ್ಲಿ ರಿಲೀಸ್‌ನ (ಹೆದೆ ಹಿಡಿದು ಬಿಡುವ ಸಾಧನದ) ಕುದುರೆ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಇವೆಲ್ಲ ಗೊತ್ತಾಗಬೇಕಾದ್ದು ಸೆಪ್ಟೆಂಬರ್‌ನಲ್ಲಿ. ನವೆಂಬರ್‌ನಲ್ಲಿ, ಜಿಂಕೆ ಎದುರಿಗಿದ್ದಾಗ ಅಲ್ಲ.

ಭಂಗಿಯೂ ಅಷ್ಟೇ. ಕುಳಿತು, ಮಂಡಿಯೂರಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಹೊಡೆಯಿರಿ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಬಲಬದಿಗೆ ಬಂದ ಜಿಂಕೆ ತುಂಬಾ ಕಷ್ಟ. ಸೊಂಟದ ಮೇಲಿನ ಮೈಯೆಲ್ಲ ತಿರುಚಿಕೊಳ್ಳಬೇಕು. ಒಂದೊಂದು ಭಂಗಿಗೂ ಒಂದೊಂದು ಮಿತಿ ಬರುತ್ತದೆ. ನಿಂತು 30 ಗಜ ಹೊಡೆಯುವವರಿಗೆ ಮಂಡಿಯೂರಿ 22 ಗಜವೇ ಮಿತಿ ಆಗಿದ್ದರೆ ಅದನ್ನೂ ನೋಟ್‌ಬುಕ್ಕಿಗೆ ಸೇರಿಸಿ.

ಹಾಗೆಯೇ ಪೂರ್ತಿ ಎಳೆದು ಹಿಡಿದುಕೊಳ್ಳುವ ಪರೀಕ್ಷೆ. ಎಳೆದ ಮೇಲೆ ಜಿಂಕೆ ಮರದ ಹಿಂದೆ ನಿಂತುಬಿಡುವುದು ತುಂಬಾ ಸಾಮಾನ್ಯ. 80 ಶೇಕಡಾ ಲೆಟ್-ಆಫ್ (ಪೂರ್ತಿ ಎಳೆದಾಗ ಕಡಿಮೆಯಾಗುವ ಭಾರ) ಇರುವ 70 ಪೌಂಡಿನ ಕಾಂಪೌಂಡ್ (ತುದಿಗಳಲ್ಲಿ ಚಕ್ರ ಇರುವ) ಬಿಲ್ಲಿನಲ್ಲಿ ಪೂರ್ತಿ ಎಳೆದಾಗ ಕೈ ಹೊರುವುದು 14 ಪೌಂಡ್ ಮಾತ್ರ. ಆದರೂ ಒಂದು ನಿಮಿಷದ ಹೊತ್ತಿಗೆ ಪಿನ್ (ಬಿಲ್ಲಿನ ಮೇಲಿನ, ಗುರಿ ಇಡುವ ಚುಕ್ಕೆ) ಕುಣಿಯತೊಡಗುತ್ತದೆ. ಚಕ್ರವಿಲ್ಲದ ಸಾಂಪ್ರದಾಯಿಕ ಬಿಲ್ಲುಗಳಾದ ರಿಕರ್ವ್ ಅಥವಾ ಲಾಂಗ್‌ಬೋದಲ್ಲಿ ಲೆಟ್-ಆಫ್ ಇಲ್ಲವೇ ಇಲ್ಲ, ಕೆಲವೇ ಸೆಕೆಂಡು. ಎಷ್ಟು ಹೊತ್ತು ಹಿಡಿದ ಮೇಲೂ ಬಾಣ ವೃತ್ತದೊಳಗೆ ಬೀಳುತ್ತದೆ ಅಂತ ಗಡಿಯಾರ ಇಟ್ಟು ನೋಡಿ. ಆ ಸಮಯ ದಾಟಿದರೆ ಹೆದೆ ಇಳಿಸಬೇಕು ಅಂತ ಈಗಲೇ ತೀರ್ಮಾನ ಮಾಡಿ.

ಹಂತ 4: ಜಿಂಕೆ ಫೋಮ್ ಅಲ್ಲ

ಒಳ್ಳೇ ಬಿಲ್ಲುಗಾರರೂ ಎಡವುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೆದೆಯ ಸದ್ದು ಬಾಣಕ್ಕಿಂತ ಮೊದಲು ಜಿಂಕೆಗೆ ತಲುಪುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,100 ಅಡಿ. ಈಗಿನ ಕಾಂಪೌಂಡ್ ಬಿಲ್ಲಿನ ಬೇಟೆ ಬಾಣ ಸೆಕೆಂಡಿಗೆ 280 ಅಡಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಸದ್ದು ಕೇಳಿದ ಜಿಂಕೆ ಓಡುವ ಮುನ್ನ ಕಾಲು ಮಡಚಿ ಮೈ ಕುಗ್ಗಿಸುತ್ತದೆ. ನೆಗೆಯಲು ಕಾಲಿಗೆ ಕಸುವು ಬೇಕಲ್ಲ, ಅದಕ್ಕೆ. ಬಾಣ ಬರುವ ಹೊತ್ತಿಗೆ ಎದೆಗೂಡು ಮೊದಲಿದ್ದ ಜಾಗಕ್ಕಿಂತ ಕೆಳಗಿರುತ್ತದೆ.

ಎಷ್ಟು ಕೆಳಗೆ? ಜಿಂಕೆ ಸದ್ದಿಗೆ ಪ್ರತಿಕ್ರಿಯಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು ಅಂದುಕೊಳ್ಳೋಣ. ಆಮೇಲೆ ಕಾಲು ಸಡಿಲ ಬಿಟ್ಟು, ಮೇಲಿಂದ ಬಿಟ್ಟ ವಸ್ತುವಿನ ಹಾಗೆ ಬೀಳುತ್ತದೆ ಅಂತ ಲೆಕ್ಕ ಹಾಕೋಣ. 20 ಗಜದಲ್ಲಿ ಬಾಣಕ್ಕೆ 0.21 ಸೆಕೆಂಡ್ ಬೇಕು, ಜಿಂಕೆ ಒಂದು ಇಂಚೂ ಇಳಿಯುವುದಿಲ್ಲ. 30 ಗಜದಲ್ಲಿ ಬಾಣಕ್ಕೆ 0.32 ಸೆಕೆಂಡ್, ಜಿಂಕೆ ಸುಮಾರು 4 ಇಂಚು ಇಳಿದಿರುತ್ತದೆ. 40 ಗಜದಲ್ಲಿ 0.43 ಸೆಕೆಂಡ್, ಇಳಿತ ಸುಮಾರು 9 ಇಂಚು. 8 ಇಂಚಿನ ವೃತ್ತದ ನಟ್ಟನಡುವೆ ಗುರಿ ಇಟ್ಟು ನಿಖರವಾಗಿ ಹೊಡೆದ ಬಾಣವೂ ಆಗ ಶ್ವಾಸಕೋಶದ ಮೇಲಿಂದ ಹಾದುಹೋಗುತ್ತದೆ.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ನಿಮ್ಮ ಕೈಯಲ್ಲಿ ಯಾವ ತಪ್ಪೂ ಆಗಿಲ್ಲ. ತಣ್ಣನೆಯ ಬಾಣ 40 ಗಜದಲ್ಲಿ ಹತ್ತಕ್ಕೆ ಹತ್ತು ಬಿದ್ದಿರಬಹುದು. ಆದರೂ ಜಿಂಕೆ ಅಲ್ಲಿರುವುದಿಲ್ಲ. ಇನ್ನೂ ವೇಗದ ಬಿಲ್ಲು ಕೊಂಡರೆ ಸರಿಹೋಗುತ್ತದೆಯೇ? 320 ಅಡಿ ವೇಗದ ಬಾಣಕ್ಕೂ 40 ಗಜದಲ್ಲಿ ಇಳಿತ 5 ಇಂಚಿನಷ್ಟಾಗುತ್ತದೆ. ಇನ್ನು ಸೆಕೆಂಡಿಗೆ 180 ಅಡಿ ಹೋಗುವ ರಿಕರ್ವ್ ಬಾಣಕ್ಕೆ 20 ಗಜದಲ್ಲೇ 6 ಇಂಚು ಇಳಿತ. ರಿಕರ್ವ್ ಹಿಡಿದ ಅನುಭವಿಗಳು 15 ಗಜ, 18 ಗಜ ಅಂತ ಹತ್ತಿರವೇ ಕಾಯುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಜಿಂಕೆಯೂ ಹೀಗೆ ಕುಗ್ಗುವುದಿಲ್ಲ. ತಲೆ ತಗ್ಗಿಸಿ ಮೇಯುತ್ತಾ, ಬಾಲ ಸುಮ್ನೆ ಅಲ್ಲಾಡಿಸುತ್ತಾ ಇರುವ ಜಿಂಕೆ ಅನೇಕ ಸಲ ಅಲುಗುವುದೇ ಇಲ್ಲ. ತಲೆ ಎತ್ತಿ, ಕಿವಿ ನಿಮ್ಮ ಕಡೆ ತಿರುಗಿಸಿ, ಮುಂಗಾಲನ್ನು ನೆಲಕ್ಕೆ ಬಡಿಯುತ್ತಿರುವ ಜಿಂಕೆ ಸದ್ದಿಗಾಗಿಯೇ ಕಾದಿದೆ. ನನ್ನ ಸಲಹೆ ಇಷ್ಟು: ಜಿಂಕೆ ನಿರಾಳವಾಗಿದ್ದರೆ ನಿಮ್ಮ ಮಿತಿ ಹಾಗೇ ಇರಲಿ, ಆದರೆ ಗುರಿಯನ್ನು ವೃತ್ತದ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಡಿ. ಅದು ಅಲುಗದಿದ್ದರೆ ಹೃದಯಕ್ಕೆ ತಾಗುತ್ತದೆ, ಕುಗ್ಗಿದರೆ ಶ್ವಾಸಕೋಶಕ್ಕೆ. ಜಿಂಕೆ ಎಚ್ಚರವಾಗಿದ್ದರೆ 20 ಗಜದಾಚೆ ಬಾಣ ಬಿಡಬೇಡಿ, ನಿಮ್ಮ ಬಯಲಿನ ಮಿತಿ ಎಷ್ಟೇ ಇರಲಿ. ಕುಗ್ಗುತ್ತದೆ ಅಂತ ಊಹಿಸಿ ಎದೆಯ ಕೆಳಗಿನ ಗಾಳಿಗೆ ಗುರಿ ಇಡುವುದಂತೂ ಬರೀ ಜೂಜು.

ನಡೆಯುತ್ತಿರುವ ಜಿಂಕೆಯದು ಇದಕ್ಕಿಂತ ಸರಳ. ನಿಧಾನವಾಗಿ, ಸೆಕೆಂಡಿಗೆ 3 ಅಡಿ ನಡೆಯುವ ಜಿಂಕೆ 30 ಗಜದ ಬಾಣ ಬರುವಷ್ಟರಲ್ಲಿ ಹತ್ತಿರಹತ್ತಿರ ಒಂದು ಅಡಿ ಮುಂದೆ ಹೋಗಿರುತ್ತದೆ. ಎದೆಗಿಟ್ಟ ಬಾಣ ಹೊಟ್ಟೆಗೆ ಬೀಳುತ್ತದೆ. ಅದು ನಿಲ್ಲುವವರೆಗೆ ಕಾಯಿರಿ. ಬಾಯಲ್ಲಿ ಸಣ್ಣಗೆ ಸದ್ದು ಮಾಡಿ ನಿಲ್ಲಿಸುವವರಿದ್ದಾರೆ. ಅದು ಕೆಲಸ ಮಾಡುತ್ತದೆ, ನಿಜ. ಆದರೆ ಹಾಗೆ ನಿಂತ ಜಿಂಕೆ ಎಚ್ಚರಗೊಂಡ ಜಿಂಕೆ. ಮೇಲಿನ 20 ಗಜದ ಮಾತು ಅದಕ್ಕೂ ಅನ್ವಯಿಸುತ್ತದೆ.

ಹಂತ 5: ದೂರವನ್ನು ಊಹಿಸಬೇಡಿ

ಬಾಣ ನೇರ ಹೋಗುವುದಿಲ್ಲ, ಕಮಾನಿನ ಹಾಗೆ ಏರಿ ಇಳಿಯುತ್ತದೆ. ಹಾಗಾಗಿ ದೂರದ ಅಂದಾಜು ತಪ್ಪಿದರೆ ಬಾಣ ಮೇಲೋ ಕೆಳಗೋ ಹೋಗುತ್ತದೆ. 280 ಅಡಿ ವೇಗದ ಬಾಣಕ್ಕೆ 20 ಗಜದಲ್ಲಿ 5 ಗಜ ತಪ್ಪಿದರೆ ಸುಮಾರು 2 ಇಂಚು ವ್ಯತ್ಯಾಸ. ಅದನ್ನು ವೃತ್ತ ತಡೆದುಕೊಳ್ಳುತ್ತದೆ. 40 ಗಜದಲ್ಲಿ ಅದೇ 5 ಗಜದ ತಪ್ಪಿಗೆ 4 ಇಂಚಿಗಿಂತ ಜಾಸ್ತಿ. ರಿಕರ್ವ್‌ನ ನಿಧಾನ ಬಾಣಕ್ಕೆ 20 ಗಜದಲ್ಲೇ 5 ಇಂಚು ದಾಟುತ್ತದೆ.

ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಇದ್ದರೆ ಕುಳಿತ ಕೂಡಲೇ ಸುತ್ತಲಿನ ಮರ, ಬಂಡೆ, ದಾರಿಯ ತಿರುವುಗಳ ದೂರ ನೋಡಿಕೊಳ್ಳಿ. ಜಿಂಕೆ ಬಂದ ಮೇಲೆ ಉಪಕರಣ ಹುಡುಕುವಂತಾಗಬಾರದು. ಉಪಕರಣ ಇದ್ದರೂ ಕಣ್ಣಂದಾಜು ಬಿಡಬೇಡಿ. ದಿನವೂ ನಡೆಯುವಾಗ ಒಂದು ಮರ ನೋಡಿ, ಎಷ್ಟು ಗಜ ಅಂತ ಹೇಳಿಕೊಂಡು, ಹೆಜ್ಜೆ ಹಾಕಿ ಎಣಿಸಿ. ಬಯಲಿಗಿಂತ ದಟ್ಟ ಕಾಡಿನಲ್ಲಿ, ಕಣಿವೆಯ ಆಚೆ ಬದಿಯಲ್ಲಿ, ಮುಸ್ಸಂಜೆಯಲ್ಲಿ ಅಂದಾಜು ಎಷ್ಟು ಕೆಡುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಉಪಕರಣವಿಲ್ಲದ ದಿನ ನಿಮ್ಮ ಮಿತಿ, ನಿಮ್ಮ ಅಂದಾಜು 2-3 ಗಜಕ್ಕಿಂತ ಹೆಚ್ಚು ತಪ್ಪದ ದೂರ.

ಕಮಾನಿನ ಇನ್ನೊಂದು ತೊಂದರೆ ಕೊಂಬೆಗಳದ್ದು. 40 ಗಜಕ್ಕೆ ಬಿಟ್ಟ ಬಾಣ ಅರ್ಧ ದಾರಿಯಲ್ಲಿ ನಿಮ್ಮ ನೋಟದ ಗೆರೆಗಿಂತ ಸುಮಾರು 9 ಇಂಚು ಮೇಲೆ ಇರುತ್ತದೆ. ಜಿಂಕೆ ಚೆನ್ನಾಗಿ ಕಾಣುತ್ತಿದ್ದರೂ ಬಾಣ ಮೇಲಿನ ಕೊಂಬೆಗೆ ತಾಗಬಹುದು. ಇದಕ್ಕೊಂದು ಒಳ್ಳೇ ಉಪಾಯ ಇದೆ. 40 ಗಜಕ್ಕೆ ಹೊಂದಿಸಿದ ಪಿನ್ ಜಿಂಕೆಯ ಮೇಲಿಟ್ಟು, 20 ಗಜದ ಪಿನ್ ಎಲ್ಲಿದೆ ನೋಡಿ. 20 ಗಜದಲ್ಲಿರುವ ಕೊಂಬೆಯ ಮೇಲೆ ಆ ಪಿನ್ ಕೂತಿದ್ದರೆ ಬಾಣ ಆ ಕೊಂಬೆಗೆ ಹೊಡೆಯುತ್ತದೆ. ಎಳೆದದ್ದನ್ನು ಇಳಿಸಿ.

ಹಂತ 6: ಕೋನ

ಪೂರ್ತಿ ಪಕ್ಕಕ್ಕೆ ತಿರುಗಿದ ಜಿಂಕೆ, ಇಲ್ಲವೇ ಸ್ವಲ್ಪ ಆಚೆ ಮುಖ ಮಾಡಿ ಓರೆಯಾಗಿ ನಿಂತ ಜಿಂಕೆ. ಬಾಣಕ್ಕೆ ಇವೆರಡೇ ಸರಿ. ಆಚೆಗೆ ಓರೆಯಾಗಿದ್ದಾಗ ನಿಮಗೆ ಕಾಣುವ ಕಡೆಯ ಮುಂಗಾಲು ನೋಡಬೇಡಿ. ಆಚೆ ಬದಿಯ ಮುಂಗಾಲಿನ ಕಡೆಗೆ ಬಾಣ ಹೊರಬರುವ ಹಾಗೆ ಗುರಿ ಇಡಿ. ನಿಮ್ಮತ್ತ ಓರೆಯಾಗಿದ್ದರೆ ಭುಜದ ಮೂಳೆ ಅಡ್ಡ ಬರುತ್ತದೆ. ಎದುರುಬದುರಾಗಿದ್ದರೆ ದಾರಿ ತೀರಾ ಕಿರಿದು. ಹಿಂದಿನಿಂದ ಅಂತೂ ಯೋಚನೆಯೇ ಬೇಡ. ಇವುಗಳಿಗೆ ಮಿತಿ 10 ಗಜವೂ ಅಲ್ಲ. ಸೊನ್ನೆ.

ಮರದ ಮೇಲಿನ ಅಟ್ಟಣೆಯಿಂದ ಹೊಡೆಯುವವರು ದೂರದ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಚಿಂತೆ ಮಾಡುತ್ತಾರೆ. 20 ಅಡಿ ಎತ್ತರದಿಂದ 30 ಗಜ ದೂರಕ್ಕೆ ನೋಡಿದರೆ ನೆಲದ ಮೇಲಿನ ದೂರ 29 ಗಜಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟೇ ವ್ಯತ್ಯಾಸ. ಕಡಿದಾದ ಬೆಟ್ಟದಲ್ಲಿ ಮಾತ್ರ ಇದು ದೊಡ್ಡದು: 30 ಡಿಗ್ರಿ ಇಳಿಜಾರಿನಲ್ಲಿ 40 ಗಜ ಅಂತ ಕಂಡದ್ದನ್ನು 35 ಗಜ ಅಂತ ತಿಳಿದು ಹೊಡೆಯಬೇಕು. ಅಟ್ಟಣೆಯ ನಿಜವಾದ ತೊಂದರೆ ಎರಡು. ಒಂದು, ಕೆಳಗೆ ಹೊಡೆಯುವಾಗ ಬಿಲ್ಲು ಹಿಡಿದ ತೋಳನ್ನಷ್ಟೇ ಇಳಿಸಿದರೆ ಎಳೆತವೇ ಬದಲಾಗಿ ಬಾಣ ಮೇಲೆ ಹೋಗುತ್ತದೆ. ಮೊದಲು ನೇರಕ್ಕೆ ಎಳೆದು ಆಮೇಲೆ ಸೊಂಟದಿಂದ ಬಾಗಿ. ಎರಡು, ಜಿಂಕೆ ಮರದ ಬುಡಕ್ಕೆ ಬಂದಾಗ ಮೇಲಿಂದ ಕಾಣುವುದು ಬೆನ್ನುಮೂಳೆ ಮತ್ತು ಒಂದೇ ಶ್ವಾಸಕೋಶದ ದಾರಿ. ಒಂದೇ ಶ್ವಾಸಕೋಶಕ್ಕೆ ಪೆಟ್ಟಾದ ಜಿಂಕೆ ಬಹಳ ದೂರ ಹೋಗಬಲ್ಲದು. ಅಂದರೆ ನಿಮ್ಮ ಮಿತಿಗೆ ದೂರದ ಗಡಿ ಇರುವ ಹಾಗೆ ಹತ್ತಿರದ ಗಡಿಯೂ ಒಂದು ಇದೆ. 5 ಗಜದ ಜಿಂಕೆಯನ್ನು 15 ಗಜಕ್ಕೆ ಹೋಗಲು ಬಿಡಿ.

ಅಟ್ಟಣೆಯ ಮೇಲಿನ ಅಭ್ಯಾಸವನ್ನು ಕೂಡ ಸುರಕ್ಷತಾ ಬೆಲ್ಟ್ ಕಟ್ಟಿಕೊಂಡೇ ಮಾಡಿ.

ಹಂತ 7: ಬೆಳಕು, ಗಾಳಿ, ಚಳಿ

ಹಲವು ರಾಜ್ಯಗಳಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಬೇಟೆಗೆ ಅನುಮತಿ ಇದೆ. ನಿಮ್ಮ ಪೀಪ್‌ನ ಸಣ್ಣ ತೂತಿನಲ್ಲಿ ಬೆಳಕು ಅದಕ್ಕಿಂತ ಮೊದಲೇ ಮುಗಿಯುತ್ತದೆ. ಒಂದು ಸಂಜೆ ಕಂದು ಬಣ್ಣದ ಜಿಂಕೆ ಆಕಾರದ ಗುರಿಯನ್ನು ಮರಗಳ ನೆರಳಲ್ಲಿಟ್ಟು, ಎಷ್ಟು ಹೊತ್ತಿಗೆ ಮುಂಗಾಲಿನ ಹಿಂದಿನ ಜಾಗ ಬಿಡಿಬಿಡಿಯಾಗಿ ಕಾಣುವುದು ನಿಲ್ಲುತ್ತದೆ ಅಂತ ನೋಡಿ. ಅದೇ ನಿಮ್ಮ ಸಮಯದ ಮಿತಿ. ಕತ್ತಲಾದ ಮೇಲೆ ರಕ್ತದ ಜಾಡು ಹುಡುಕುವುದೂ ಕಷ್ಟ.

ಗಾಳಿ ಜೋರಿದ್ದರೆ ಬಾಣಕ್ಕಿಂತ ಮೊದಲು ನಿಮ್ಮ ತೋಳು ಅಲುಗುತ್ತದೆ. ಗಾಳಿಯ ದಿನ ಹೊರಗೆ ಹೋಗಿ ಪರೀಕ್ಷಿಸಿ, ಎಷ್ಟು ಗಜ ಕಳೆಯಬೇಕು ಅಂತ ನಿಮ್ಮದೇ ಸಂಖ್ಯೆ ಸಿಗುತ್ತದೆ. ಚಳಿಗೆ ಬೆರಳು ಮರಗಟ್ಟಿದ್ದರೆ, ಜಿಂಕೆ ಕಾಣದೇ ಇರುವ ಹೊತ್ತಿನಲ್ಲಿ, ಬಾಣ ಹಾಕದೆ ಒಮ್ಮೆ ಹೆದೆ ಎಳೆದು ನಿಧಾನ ಇಳಿಸಿ ನೋಡಿ. ಖಾಲಿ ಹೆದೆಯನ್ನು ಬಿಟ್ಟುಬಿಟ್ಟರೆ ಬಿಲ್ಲು ಒಡೆಯಬಹುದು, ಹುಷಾರು. ಎಳೆಯಲು ಒದ್ದಾಡುವಂತಾದರೆ ಇಳಿದು ಮೈ ಬೆಚ್ಚಗೆ ಮಾಡಿಕೊಂಡು ಬನ್ನಿ.

ಹಂತ 8: ಎದೆ ಬಡಿತ

ಜಿಂಕೆ ಹತ್ತಿರ ಬಂದಾಗ ಕೈ ನಡುಗುವುದು, ಉಸಿರು ಸಿಕ್ಕಿಕೊಳ್ಳುವುದು ಹೊಸಬರಿಗೆ ಮಾತ್ರ ಆಗುವುದಲ್ಲ. ಇದನ್ನು ಪೂರ್ತಿ ಅಭ್ಯಾಸ ಮಾಡಲು ಆಗುವುದಿಲ್ಲ, ಆದರೆ ಹತ್ತಿರ ಹೋಗಬಹುದು. ಜೋರಾಗಿ ಓಡಿ ಬಂದು, ಏದುಸಿರು ಬಿಡುತ್ತಲೇ, ಹತ್ತು ಸೆಕೆಂಡಿನೊಳಗೆ ಒಂದು ಬಾಣ ಬಿಡಿ. ಅದು 6 ಇಂಚಿನೊಳಗೆ ಎಷ್ಟು ಗಜದವರೆಗೆ ಬೀಳುತ್ತದೆ ಅಂತ ನೋಡಿ. ನಾಲ್ಕು ಜನ ನೋಡುತ್ತಿರುವಾಗ 3ಡಿ (ಪ್ರಾಣಿಯ ಆಕಾರದ) ಗುರಿಗಳ ಸ್ಪರ್ಧೆಯಲ್ಲಿ ಹೊಡೆಯುವುದೂ ಒಳ್ಳೇದು. ಅಲ್ಲಿ ದೂರ ಗೊತ್ತಿರುವುದಿಲ್ಲ, ಮರ ಅಡ್ಡ ಇರುತ್ತದೆ, ಒಂದೇ ಬಾಣ. ಬಯಲಿನ ಮಿತಿಗಿಂತ ಹೆಚ್ಚಿನವರು ಇಲ್ಲಿ 10 ಗಜವಾದರೂ ಕಳೆದುಕೊಳ್ಳುತ್ತಾರೆ ಅಂತ ನನ್ನ ಅನಿಸಿಕೆ.

ಪಿನ್ ಗುರಿಗೆ ತಾಗುವ ಮೊದಲೇ ಬೆರಳು ತಾನಾಗಿ ರಿಲೀಸ್ ಒತ್ತಿಬಿಡುತ್ತಿದ್ದರೆ ಅದು ಬೇರೆ ಸಮಸ್ಯೆ. ಬಿಲ್ಲುಗಾರರು ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ. ಅದಕ್ಕೆ 5 ಗಜದಲ್ಲಿ, ದೊಡ್ಡ ಗುರಿಯ ಮುಂದೆ, ಕಣ್ಣು ಮುಚ್ಚಿ ನಿಧಾನವಾಗಿ ಬಿಡುವ ಅಭ್ಯಾಸ ವಾರಗಟ್ಟಲೆ ಬೇಕು. ಅದು ಸರಿಹೋಗುವವರೆಗೆ ಜಿಂಕೆಗೆ ಬಾಣ ಬೇಡ.

ಹಂತ 9: ಆ ದಿನದ ಮಿತಿಯನ್ನು ಜಿಂಕೆ ಬರುವ ಮೊದಲೇ ಹಾಕಿ

ಕೊಂಬು ಕಂಡ ಮೇಲೆ ಯಾರ ತಲೆಯೂ ನ್ಯಾಯವಾಗಿ ಲೆಕ್ಕ ಹಾಕುವುದಿಲ್ಲ. ಹಾಗಾಗಿ ಕುಳಿತ ಕೂಡಲೇ ತೀರ್ಮಾನ ಮುಗಿಸಿ. ಉದಾಹರಣೆಗೆ ನಿಮ್ಮ ಬಯಲಿನ ಮಿತಿ 35 ಗಜ. ದಪ್ಪ ಬಟ್ಟೆ, ಕುಳಿತ ಭಂಗಿಗೆ ಪರೀಕ್ಷೆಯಲ್ಲಿ 30 ಬಂದಿತ್ತು. ಇವತ್ತು ಗಾಳಿ ಬೀಸುತ್ತಿದೆ, 25. ನೆಲದ ಮೇಲೆ ನಾಲ್ಕೂ ಕಡೆ 25 ಗಜದ ಗುರುತು ಹುಡುಕಿ: ಈ ಕಡೆ ಬಿದ್ದ ಮರ, ಆ ಕಡೆ ಬಿಳಿ ಬಂಡೆ, ಎಡಕ್ಕೆ ಪೊದೆ. ಆ ಗುರುತಿನ ಒಳಗೆ ಬಂದ ಜಿಂಕೆ ಮಾತ್ರ ನಿಮ್ಮದು. ಒಂದು ಹೆಜ್ಜೆ ಆಚೆ ಇರುವುದು ಎಷ್ಟು ದೊಡ್ಡದಾದರೂ ನೋಡಲಿಕ್ಕೆ ಮಾತ್ರ.

ಬಾಣ ಬಿಡುವ ಮೊದಲು ಕೇಳಿಕೊಳ್ಳಲು ನಾಲ್ಕು ಪ್ರಶ್ನೆ ಇಟ್ಟುಕೊಳ್ಳಿ. ಗುರುತಿನ ಒಳಗಿದೆಯೇ? ಪಕ್ಕಕ್ಕೆ ಇಲ್ಲವೇ ಆಚೆಗೆ ಓರೆಯಾಗಿ ತಿರುಗಿದೆಯೇ? ನಿರಾಳವಾಗಿದೆಯೇ? ಬಾಣದ ದಾರಿ ಮತ್ತು ಜಿಂಕೆಯ ಹಿಂದಿನ ಜಾಗ ಖಾಲಿ ಇದೆಯೇ? ಒಂದಕ್ಕೆ "ಬಹುಶಃ" ಅನ್ನುವ ಉತ್ತರ ಬಂದರೂ ಹೆದೆ ಇಳಿಸಿ. ಇಳಿಸುವುದನ್ನೂ ಅಭ್ಯಾಸ ಮಾಡಬೇಕು. ಪೂರ್ತಿ ಎಳೆದು, ಗುರಿ ಇಟ್ಟು, ಬಿಡದೆ ಇಳಿಸುವುದು. ದಿನವೂ ಹೀಗೆ ಮಾಡಿದವರಿಗೆ ಕಾಡಿನಲ್ಲಿ ಇಳಿಸುವುದು ಕಷ್ಟವಾಗುವುದಿಲ್ಲ.

ಬಾಣ ಬಿಟ್ಟ ಮೇಲೆ

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ಬಾಣ ತಪ್ಪಿ ತಾಗುತ್ತದೆ. ಆಗ ಅವಸರವೇ ದೊಡ್ಡ ಶತ್ರು. ಜಿಂಕೆ ನಿಂತಿದ್ದ ಜಾಗ, ಕೊನೆಗೆ ಕಂಡ ಜಾಗ ಎರಡನ್ನೂ ಗುರುತಿಟ್ಟುಕೊಂಡು ಅರ್ಧ ಗಂಟೆ ಅಲ್ಲೇ ಕೂತಿರಿ. ಆಮೇಲೆ ಸದ್ದಿಲ್ಲದೆ ಹೋಗಿ ಬಾಣ ನೋಡಿ. ನೊರೆನೊರೆಯಾದ ತಿಳಿ ಕೆಂಪು ರಕ್ತ ಶ್ವಾಸಕೋಶದ್ದು. ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ, ಜಾಡು ಹಿಡಿದು ಹೋಗಬಹುದು. ಗಾಢ ಕೆಂಪಾಗಿದ್ದರೆ ಲಿವರ್‌ಗೆ ತಾಗಿರಬಹುದು, ನಾಲ್ಕರಿಂದ ಆರು ಗಂಟೆ ಕಾಯಿರಿ. ಬಾಣದ ಮೇಲೆ ಹಸಿರು ಅಥವಾ ಕಂದು ಬಣ್ಣದ ಮೇವು, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಎಂಟರಿಂದ ಹನ್ನೆರಡು ಗಂಟೆ ಅದರ ಹಿಂದೆ ಹೋಗಬೇಡಿ. ಬೇಗ ಹೋಗಿ ಎಬ್ಬಿಸಿದರೆ ಅದು ಮೈಲಿಗಟ್ಟಲೆ ಓಡಿ ಎಲ್ಲೋ ಸಾಯುತ್ತದೆ. ನಿಮ್ಮ ರಾಜ್ಯದಲ್ಲಿ ಅನುಮತಿ ಇದ್ದರೆ ಜಾಡು ಹಿಡಿಯುವ ನಾಯಿ ಇರುವವರನ್ನು ಕರೆಸಿ. ಅವರ ಫೋನ್ ನಂಬರ್ ಋತು ಶುರುವಾಗುವ ಮೊದಲೇ ಬರೆದಿಟ್ಟುಕೊಂಡಿರಬೇಕು.

ಜಿಂಕೆ ಸಿಗಲಿ, ಸಿಗದಿರಲಿ, ಆ ಬಾಣವನ್ನೂ ನೋಟ್‌ಬುಕ್ಕಿಗೆ ಸೇರಿಸಿ. ದೂರ, ಭಂಗಿ, ಬೆಳಕು, ಜಿಂಕೆ ಎಚ್ಚರವಾಗಿತ್ತೋ ಇಲ್ಲವೋ, ಗುರಿ ಇಟ್ಟದ್ದೆಲ್ಲಿ, ಬಿದ್ದದ್ದೆಲ್ಲಿ. ಗುರಿಗೂ ಬಿದ್ದ ಜಾಗಕ್ಕೂ 3 ಇಂಚಿಗಿಂತ ಜಾಸ್ತಿ ಅಂತರ ಇದ್ದರೆ ಮುಂದಿನ ಸಲಕ್ಕೆ 5 ಗಜ ಕಳೆಯಿರಿ, ಮತ್ತೆ ತಣ್ಣನೆಯ ಬಾಣದ ಹತ್ತು ದಿನ ಮುಗಿಯುವವರೆಗೆ ಆ 5 ಗಜವನ್ನು ವಾಪಸ್ ತೆಗೆದುಕೊಳ್ಳಬೇಡಿ.